ಕಾಯಕ ಮತ್ತು ಪಗಾರ: ವೃತ್ತಿರಂಗಭೂಮಿಯ ನಟನ ಬದುಕನ್ನು ಓದುವ ಬಗೆ

1

ಪ್ರಸ್ತುತ ಲೇಖನಕ್ಕೆ ನಿಮಿತ್ತವಾದುದು ಒಂದು ದೃಢೀಕರಣ ಪತ್ರ. ಕಲ್ಯಾಣ ಮತ್ತು ಡೊಂಬಿವಲಿಗಳ ನಡುವಿನ ಠಾಕುರ್ಲಿಯಲ್ಲಿ ರಜೆಯ ದಿನಗಳನ್ನು ಕಳೆಯುವ ರೂಢಿ ನಮಗೆ ಹಲವು ವರ್ಷಗಳಿಂದ ಇದೆ. ಅಲ್ಲಿ ನಮ್ಮ ನೆರೆಯಲ್ಲಿ ವಾಸವಾಗಿರುವ ಹಿರಿಯರೊಬ್ಬರು ಬಾಲ್ಯದಲ್ಲಿ ಉತ್ತರ ಕರ್ನಾಟಕದ ನಾಟಕ ಕಂಪನಿಗಳನ್ನು ಸೇರಿದವರು. ಲೋಹಿತಾಶ್ವ, ಪ್ರಹ್ಲಾದರಂಥ ಬಾಲಪಾತ್ರಗಳಿಂದ ತೊಡಗಿ ಮುಂದೆ ಸಖ, ದೂತ, ಮಂತ್ರಿ ಮೊದಲಾದ ಪಾತ್ರಗಳನ್ನು ಮಾಡುತ್ತ ಊರೂರು ಅಲೆದವರು. ಕಂಪನಿಗಳು ಒಂದೊಂದಾಗಿ ನಿಂತ ಮೇಲೆ ಮುಂಬಯಿಯ ಬಟ್ಟೆಗಿರಣಿಯನ್ನು ಸೇರಿ, 1982ರ ಮುಷ್ಕರದಲ್ಲಿ ಆ ಕೆಲಸವನ್ನೂ ಕಳೆದುಕೊಂಡವರು. ಹಿರಿಯ ಕಲಾವಿದರಿಗೆ ಸರಕಾರ ಕೊಡುವ ಮಾಸಾಶನಕ್ಕಾಗಿ ಅವರು ಅರ್ಜಿ ಸಲ್ಲಿಸಬೇಕಾಗಿತ್ತು. ತಾವು ನಟರಾಗಿದ್ದುದಕ್ಕೆ ಆಧಾರ ಬೇಕೆಂದು ಕೇಳಲಾಗಿ, ಕನ್ನಡ ಪ್ರಾಧ್ಯಾಪಕರಾದ ನಾವು ಒಂದು ಪತ್ರ ಬರೆದುಕೊಡಬಹುದೆಂದು ನಂಬಿ ನಮ್ಮಲ್ಲಿಗೆ ಬಂದರು.

ಅವರು ತಂದ ಆಧಾರ ನಾಲ್ಕು ಹರಿದ ಹ್ಯಾಂಡ್‌ಬಿಲ್ಲುಗಳು ಮಾತ್ರ. ಅವುಗಳಲ್ಲಿ ಕಂಪನಿಯ ಹೆಸರಿತ್ತು, ಮಾಲೀಕರ ಹೆಸರಿತ್ತು, ನಾಟಕದ ಹೆಸರಿತ್ತು, ಮುಖ್ಯ ಪಾತ್ರಧಾರಿಗಳ ಹೆಸರಿತ್ತು; ಇವರ ಹೆಸರು ಎಲ್ಲಿಯೂ ಇರಲಿಲ್ಲ. ನಾವು ಸಂಕೋಚದಿಂದ ಅದನ್ನು ಸೂಚಿಸಿದಾಗ ಅವರು, "ಹೆಸರು ಮಾಲಕರದ್ದು ಇರತೈತ್ರಿ ಸರ್, ಹಾಡು ನಮ್ಮದಿತ್ತರಿ" ಎಂದರು. ಈ ಒಂದು ಮಾತು ನಮ್ಮ ಅಧ್ಯಯನಕ್ರಮದ ಬಗೆಗೇ ನಾವು ಯೋಚಿಸುವಂತೆ ಮಾಡಿತು. ಮೂವತ್ತು ವರ್ಷ ಕನ್ನಡ ಸಾಹಿತ್ಯವನ್ನು ಬೋಧಿಸಿದ ನಮಗೆ, ಕನ್ನಡದ ಒಬ್ಬ ನಟನು ನಟನೇ ಎಂದು ದೃಢೀಕರಿಸಲು ಬೇಕಾದ ಜ್ಞಾನವೇ ಇರಲಿಲ್ಲ. ಈ ಕೊರತೆ ನಮ್ಮೊಬ್ಬರದಲ್ಲ, ನಮ್ಮ ಸಾಹಿತ್ಯ ಚರಿತ್ರೆಯ ಕ್ರಮದಲ್ಲಿಯೇ ಅದರ ಬೇರುಗಳಿವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಕನ್ನಡ ನಾಟಕದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪಠ್ಯದಿಂದ ಆರಂಭಿಸುತ್ತೇವೆ. ಉಪಲಬ್ಧ ಮೊದಲ ನಾಟಕವೆಂದು ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'ವನ್ನು ಹೆಸರಿಸುತ್ತೇವೆ. ಹರ್ಷನ 'ರತ್ನಾವಳಿ'ಯನ್ನು ಅನುಸರಿಸಿದ ಈ ಕೃತಿ ಹದಿನೇಳನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ್ದು. ಹಾಗಾದರೆ ಅದಕ್ಕೆ ಮೊದಲು ಕನ್ನಡದಲ್ಲಿ ನಟನಿರಲಿಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕಿಂತ ಐದು ಶತಮಾನಗಳಷ್ಟು ಹಿಂದೆಯೇ, ಶರಣರ ನಡುವೆ ಬಹುರೂಪಿ ಚೌಡಯ್ಯನಿದ್ದನು. ಹಲವು ವೇಷಗಳನ್ನು ತಳೆದು ಊರೂರಲ್ಲಿ ಜನರನ್ನು ರಂಜಿಸುವುದು ಅವನ ವೃತ್ತಿ. ನಗೆಯ ಮಾರಿತಂದೆ ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡಿದ್ದವನು. ಇವರ ವಚನಗಳು ಉಳಿದಿವೆ. ಇವರು ಆಡಿದ ಆಟ ಉಳಿದಿಲ್ಲ. ಅತ್ತ ಸಿಂಗರಾರ್ಯನ ನಾಟಕ ಉಳಿದಿದೆ. ಅದನ್ನು ಆಡಿದವರು ಯಾರೆಂಬುದು ನಮ್ಮ ಚರಿತ್ರೆಗಳಲ್ಲಿ ಚರ್ಚೆಯ ವಿಷಯವೇ ಆಗಿಲ್ಲ. ಆಟಗಾರನಿದ್ದಲ್ಲಿ ಪಠ್ಯವಿಲ್ಲ, ಪಠ್ಯವಿದ್ದಲ್ಲಿ ಆಟಗಾರನಿಲ್ಲ. ಕನ್ನಡ ನಾಟಕ ಚರಿತ್ರೆಯ ಮೊದಲ ಅಧ್ಯಾಯದಲ್ಲಿಯೇ ಇರುವ ಈ ಬಿರುಕು ಮುಂದಿನ ಅಧ್ಯಾಯಗಳಲ್ಲಿಯೂ ಮುಂದುವರಿದಿದೆ.

ಮಧ್ಯಕಾಲೀನ ಸಾಹಿತ್ಯದಲ್ಲಿ ಸಂಶೋಧನೆ ಮಾಡಿದ ನಾವು ಈ ಬಿರುಕನ್ನು ಮೊದಲೇ ಕಾಣಬೇಕಾಗಿತ್ತು. ಬಹುರೂಪಿ ಚೌಡಯ್ಯನನ್ನು ನಾವು ಅನುಭಾವಿಯೆಂದು ಬೋಧಿಸಿದೆವು, ಅವನು ಅಲೆಮಾರಿ ಕಲಾವಿದನೆಂಬುದನ್ನು ಒಂದು ವಾಕ್ಯದಲ್ಲಿ ಮುಗಿಸಿದೆವು. ವೃತ್ತಿರಂಗಭೂಮಿಗೆ ಬಂದಾಗಲೂ ಹಾಗೆಯೇ. ನವೋದಯ ಮತ್ತು ನವ್ಯ ಸಂದರ್ಭಗಳ ವಿಮರ್ಶೆ ಕಂಪನಿ ನಾಟಕವೆಂದರೆ ಅತಿರಂಜಕತೆ, ಅಸ್ಥಾನದ ಹಾಡು, ಝಗಝಗಿಸುವ ಪರದೆಗಳು ಎಂದು ತೀರ್ಮಾನಿಸಿತು. ಆ ತೀರ್ಮಾನದಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಅದು ನಾಟಕದ ಗುಣದೋಷಗಳ ಬಗೆಗಿನ ತೀರ್ಮಾನ. ಅದರಿಂದ ಹೊಟ್ಟೆ ಹೊರೆದ ನೂರಾರು ಜನರ ಬದುಕಿನ ಬಗೆಗಿನದಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿದ್ದು ನಮ್ಮ ವಿಮರ್ಶೆಯ ಎಡವಟ್ಟು.

3

ಹೊರರಾಜ್ಯಗಳ ಸಂಶೋಧಕರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಅಂಶವನ್ನು ಇಲ್ಲಿ ಎತ್ತಿಕೊಳ್ಳಬೇಕು. ಅಲೆಯುವ ನಟನ ಬದುಕನ್ನು ಭಾಷಾವಾರು ಚರಿತ್ರೆಯ ಚೌಕಟ್ಟು ಹಿಡಿದಿಡಲಾರದು. ಕರ್ನಾಟಕ ಕರಾವಳಿಯ ಭಾಗವತ ಮೇಳವೊಂದರ ಆಟವನ್ನು ಕಂಡ ಪ್ರೇರಣೆಯಿಂದ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರೆಂಬುದು ಮರಾಠಿ ರಂಗಭೂಮಿಯ ಚರಿತ್ರೆಕಾರರೂ ಒಪ್ಪಿದ ಸಂಗತಿ. ಭಾವೆಯವರ ಮಂಡಳಿ ಮುಂಬಯಿಯ ಗ್ರಾಂಟ್‌ ರೋಡ್ ನಾಟಕಶಾಲೆಯಲ್ಲಿ ಪ್ರಯೋಗ ನೀಡಿದ್ದು 1853ರಲ್ಲಿ. ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ್ದೂ ಅದೇ ವರ್ಷದ ಏಪ್ರಿಲ್ 16ರಂದು. ಮರುವರ್ಷ ಆ ಹಳಿ ಕಲ್ಯಾಣವನ್ನು ಮುಟ್ಟಿತು. ನಾಟಕ ಕಂಪನಿಯ ಅಲೆದಾಟ ಮತ್ತು ರೈಲುಮಾರ್ಗದ ವಿಸ್ತರಣೆ ಇವೆರಡೂ ಈ ಪ್ರದೇಶದಲ್ಲಿ ಜೊತೆಜೊತೆಯಾಗಿ ಬೆಳೆದವು.

ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯಲ್ಲಿ ರಂಗಕ್ಕೇರಿತು. ಇತ್ತ ಮರಾಠಿ ಕಂಪನಿಗಳು ಕನ್ನಡ ಜಿಲ್ಲೆಗಳನ್ನು ತುಂಬಿಕೊಂಡಿದ್ದ ಕಾಲದಲ್ಲಿಯೇ ಶಾಂತಕವಿಗಳು (1856–1920) ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ 'ಉಷಾಹರಣ'ವನ್ನು ಆಡಿಸಿದರು. ಈ ಘಟನೆಯನ್ನು ಕನ್ನಡದ ಅಸ್ಮಿತೆಯ ಎಚ್ಚರವೆಂದು ನಾವು ಓದುತ್ತ ಬಂದಿದ್ದೇವೆ. ಅದು ಸರಿಯಾದ ಓದೇ. ಆದರೆ ನಟನ ನೆಲೆಯಿಂದ ನೋಡಿದರೆ ಎರಡು ಭಾಷೆಗಳ ಕಂಪನಿಗಳು ಎದುರಾಳಿಗಳಾಗಿದ್ದುದರ ಜೊತೆಗೆ ಒಂದೇ ಸಂತೆಯ ಎರಡು ಅಂಗಡಿಗಳೂ ಆಗಿದ್ದವು. ಕುಂದಗೋಳದ ರಾಮಭಾವು (1886–1952) ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ 'ಸವಾಯಿ ಗಂಧರ್ವ'ರೆನಿಸಿದರು. ಸವಾಯಿ ಎಂದರೆ ಒಂದೂಕಾಲು. ಮರಾಠಿ ರಂಗದ ಬಾಲಗಂಧರ್ವರಿಗಿಂತ ಕಾಲುಪಾಲು ಹೆಚ್ಚೆಂಬ ಧ್ವನಿ ಆ ಬಿರುದಿನಲ್ಲಿದೆ. ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ 1938ರಲ್ಲಿ ಬಾಲಗಂಧರ್ವರ ಕಂಪನಿಯನ್ನು ಸೇರಿ ಮರಾಠಿ ರಂಗದ ನಾಯಿಕೆಯಾದರು. ಅವರ ಸೋದರಿ ಅಮೀರಬಾಯಿ ಕರ್ನಾಟಕಿ ಹಿಂದೀ ಚಿತ್ರಗೀತೆಗಳ ಮೂಲಕ ಭಾರತದಾದ್ಯಂತ ಹೆಸರಾದರು. ಹುಟ್ಟಿದ ನಾಡನ್ನು ಹೆಸರಿನಲ್ಲಿಯೇ ಹೊತ್ತ ಈ ಸೋದರಿಯರಿಗೆ ಕನ್ನಡ ನಾಟಕ ಚರಿತ್ರೆಯಲ್ಲಿ ದೊರೆತ ಪುಟಗಳು ಬಹುಕಾಲ ಅತ್ಯಲ್ಪವಾಗಿದ್ದವು. ರಹಮತ್ ತರೀಕೆರೆಯವರು ಅಮೀರಬಾಯಿಯನ್ನು ಕುರಿತು ಒಂದು ಪುಸ್ತಕವನ್ನೇ ರಚಿಸಿದ್ದು ಈ ದೃಷ್ಟಿಯಿಂದ ಗಮನಾರ್ಹ.

1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೇ ಸೇರಿದ್ದವು ಎಂಬುದನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಧಾರವಾಡದ ನಟನೊಬ್ಬ ಕಲ್ಯಾಣಕ್ಕೆ ಬಂದರೆ ಅವನು ತನ್ನ ಪ್ರಾಂತದ ಒಂದು ಊರಿನಿಂದ ಇನ್ನೊಂದು ಊರಿಗೆ ಬಂದಂತೆ. ಅವನ ದಾರಿಯಲ್ಲಿದ್ದ ನಿಜವಾದ ಗಡಿ ಪುಣೆಯ ನಿಲ್ದಾಣ. ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜು ಹಳಿ ಹುಬ್ಬಳ್ಳಿ, ಬೆಳಗಾವಿ, ಮಿರಜಗಳ ಮೂಲಕ ಬಂದು ಅಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಕಲ್ಯಾಣ, ಮುಂಬಯಿಗಳ ಕಡೆಗೆ ಬ್ರಾಡ್‌ಗೇಜು. ಪರದೆ, ಸೈಡ್‌ವಿಂಗು, ಪೋಷಾಕಿನ ಪೆಟ್ಟಿಗೆ, ಹಾರ್ಮೋನಿಯಂ, ಅಡಿಗೆಯ ಪಾತ್ರೆ ಎಲ್ಲವನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಮಾತೃಭಾಷೆಯಾವುದೆಂದು ಯಾರೂ ಕೇಳದ ದಾರಿಯಲ್ಲಿ ಹಳಿಯ ಅಗಲವೇ ಗಡಿಯಾಗಿದ್ದ ಈ ಲೋಕವನ್ನು ಇಂದಿನ ರಾಜ್ಯಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಓದಿದರೆ ಬಹುಪಾಲು ನಟರು ಯಾರ ಚರಿತ್ರೆಗೂ ಸೇರದೆ ಹೊರಗುಳಿಯುತ್ತಾರೆ. ನಮ್ಮ ನೆರೆಯ ಹಿರಿಯರ ಅರ್ಜಿಗೂ ಇದೇ ತೊಡಕು. ನಟಿಸಿದ್ದು ಒಂದು ರಾಜ್ಯದಲ್ಲಿ, ಮುಪ್ಪು ಇನ್ನೊಂದರಲ್ಲಿ.

4

ಈ ಅಲೆದಾಟದ ಒಳಗಿನ ಬದುಕು ಹೇಗಿತ್ತು? ಅದರ ಶಬ್ದಕೋಶವನ್ನು ಪರಿಶೀಲಿಸಿದರೆ ಹಲವು ಸಂಗತಿಗಳು ಹೊಳೆಯುತ್ತವೆ. ಕಂಪನಿ ಎಂಬುದು ಇಂಗ್ಲಿಷಿನ ಮಾತು. ಒಂದು ಊರಲ್ಲಿ ತಂಗುವುದಕ್ಕೆ ಬಳಸುವ ಮೊಕ್ಕಾಂ ಅರಬ್ಬೀ ಮೂಲದ್ದು. ಸಂಬಳಕ್ಕೆ ಹೇಳುವ ಪಗಾರ ಪೋರ್ಚುಗೀಸಿನಿಂದ ಕರಾವಳಿಯ ಮೂಲಕ ಮರಾಠಿ, ಕನ್ನಡಗಳಿಗೆ ಬಂದದ್ದು. ಪ್ರೇಕ್ಷಕರು ಮತ್ತೊಮ್ಮೆ ಹಾಡೆಂದು ಕೂಗುವ 'ಒನ್ಸ್‌ಮೋರ್' ಯಾವ ಭಾಷೆಯ ಪ್ರೇಕ್ಷಕನಿಗೂ ತಿಳಿದ ಮಾತಾಗಿತ್ತು. ವೃತ್ತಿಯ ವ್ಯವಹಾರಕ್ಕೆ ಬೇಕಾದ ಪದಗಳು ದೂರದೂರದಿಂದ ಬಂದು ಸೇರಿದ ಈ ಲೋಕದಲ್ಲಿ 'ಬಣ್ಣ ಹಚ್ಚುವುದು' ಎಂಬ ಮಾತು ಮಾತ್ರ ಅಚ್ಚಕನ್ನಡದ್ದು. ನಟನಾಗುವುದು ಎಂಬುದಕ್ಕೆ ನಟರು ಹೇಳುವ ಮಾತು ಇದೇ.

ಮೊಕ್ಕಾಮಿನ ವ್ಯವಸ್ಥೆ ಹೀಗೆ. ಬೊಂಬು, ತಗಡು, ತಾಡಪತ್ರಿಗಳ ಥೇಟರನ್ನು ಊರ ಬಯಲಿನಲ್ಲಿ ನಿಲ್ಲಿಸಿ, ಕಲೆಕ್ಷನ್ ಇರುವವರೆಗೆ ಅಲ್ಲಿದ್ದು, ಇಳಿದಾಗ ಮುಂದಿನ ಊರಿಗೆ ಹೋಗುವುದು. ಜಾತ್ರೆಗಳ ಕಾಲವೇ ಸುಗ್ಗಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಏಕಕಾಲಕ್ಕೆ ಬೀಡುಬಿಡುವ ಪದ್ಧತಿ ಇಂದಿಗೂ ಉಂಟು. ಮಳೆಗಾಲ ಬಂತೆಂದರೆ ಆತಂಕ. ರಾತ್ರಿ ನಾಟಕ, ಬೆಳಗಿನ ಜಾವಕ್ಕೆ ನಿದ್ದೆ, ಹಗಲು ಸಂಗೀತದ ತಾಲೀಮು ಮತ್ತು ಮಾತಿನ ಬಾಯಿಪಾಠ. ಊಟ ಕಂಪನಿಯದು; ಪಗಾರ ಕಲೆಕ್ಷನ್ನನ್ನು ಅವಲಂಬಿಸಿದ್ದು. ಒಪ್ಪಂದಕ್ಕೆ ಮುಂಗಡ ಪಡೆದ ನಟ ಅದು ತೀರುವತನಕ ಕಂಪನಿ ಬಿಡುವಂತಿಲ್ಲ. ಕಷ್ಟದಲ್ಲಿದ್ದ ನಟನಿಗಾಗಿ ಒಂದು ರಾತ್ರಿಯ ಉತ್ಪನ್ನವನ್ನು ಬಿಟ್ಟುಕೊಡುವ ಬೆನಿಫಿಟ್ ನಾಟಕದ ಪದ್ಧತಿಯೂ ಇದೇ ವ್ಯವಸ್ಥೆಯ ಒಂದು ಭಾಗ.

ಇದು ಸಂಗೀತ ನಾಟಕವಾದುದರಿಂದ ನಟನ ಬಂಡವಾಳ ಅವನ ಕಂಠ. ಧ್ವನಿವರ್ಧಕವಿಲ್ಲದ ಥೇಟರಿನಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಎತ್ತರದ ಶ್ರುತಿಯಲ್ಲಿ ಹಾಡಬೇಕು. ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಹಾಗೂ ತಬಲಾಗಳ ಸಾಥಿನಲ್ಲಿ ಒಂದೇ ಹಾಡನ್ನು ಮೂರು ಸಲ ಹಾಡಿಸಿದರೂ ಕಂಠ ಕೈಕೊಡಬಾರದು. ಬಾಲನಟನ ಕಂಠ ಒಡೆಯುವ ವಯಸ್ಸು ಬಂದಾಗ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಮ್ಮ ನಾಟಕ ಚರಿತ್ರೆಗಳು ಕೇಳಿಲ್ಲ. ಭಾಗ್ಯವಂತರಿಗೆ ಅದು ಇನ್ನೊಂದು ದಾರಿಯನ್ನು ತೆರೆಯಿತು. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದುದನ್ನು ಕೇಳಿ ಅಪ್ಪಯ್ಯಸ್ವಾಮಿಗಳು ಅವರಿಗೆ ಸಂಗೀತಪಾಠ ಆರಂಭಿಸಿದರು. ಮುಂದೆ ಅವರು ಮಿರಜದ ನೀಲಕಂಠಬುವಾ ಅವರ ಶಿಷ್ಯರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸಿ ಅನ್ನವಿಡುವ ಆಶ್ರಮಕ್ಕೆ ನಾಟಕ ಕಂಪನಿಯನ್ನೇ ಆಧಾರವಾಗಿ ಬಳಸಿಕೊಂಡರು. ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುಂದುವರಿಸಿದರು. ಹಿಂದುಸ್ತಾನಿ ಸಂಗೀತದ ಧಾರವಾಡ ಪ್ರದೇಶದ ವೈಭವವನ್ನು ಕೊಂಡಾಡುವಾಗ ಅದರ ಪ್ರಾಥಮಿಕ ಪಾಠಶಾಲೆಗಳಲ್ಲಿ ಒಂದು ತಗಡಿನ ಥೇಟರಾಗಿತ್ತು ಎಂಬುದನ್ನು ನಾವು ಮರೆಯಬಾರದು. ಅದೇ ಪಾಠಶಾಲೆಯಲ್ಲಿ ಕಂಠ ಒಡೆದು, ಗುರು ದೊರೆಯದೆ, ಸಣ್ಣ ಪಾತ್ರಗಳಿಗೆ ಇಳಿದವರೂ ಇದ್ದರು ಎಂಬುದನ್ನೂ ಮರೆಯಬಾರದು.

5

ಈ ಬದುಕನ್ನು ನಟರೇ ಹೇಳಿಕೊಂಡ ಗ್ರಂಥಗಳು ಕನ್ನಡದಲ್ಲಿ ಉಂಟು. ಅವುಗಳ ಶೀರ್ಷಿಕೆಗಳನ್ನಷ್ಟೇ ಮೊದಲು ಗಮನಿಸೋಣ. ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ'. ಮನ್ಸೂರರದು 'ನನ್ನ ರಸಯಾತ್ರೆ'. ಏಣಗಿ ಬಾಳಪ್ಪನವರದು (1914–2017) ಗಣೇಶ ಅಮೀನಗಡ ಅವರು ನಿರೂಪಿಸಿದ 'ಬಣ್ಣದ ಬದುಕಿನ ಚಿನ್ನದ ದಿನಗಳು'. ಬಿ.ವಿ. ಕಾರಂತರದು (1929–2002) ವೈದೇಹಿಯವರು ನಿರೂಪಿಸಿದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಕಾಯಕ, ಯಾತ್ರೆ, ಚಿನ್ನ, ಚಡಪಡಿಕೆ: ನಾಲ್ಕು ಶೀರ್ಷಿಕೆಗಳು ಒಂದೇ ಅಲೆದಾಟಕ್ಕೆ ಕೊಟ್ಟ ನಾಲ್ಕು ಅರ್ಥಗಳು. ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ ಕಾರಂತರು ಮಾತ್ರ ಅಲೆಮಾರಿತನವನ್ನು ನೆಲೆಯಿಲ್ಲದ ಸ್ಥಿತಿಯೆಂದು ಶೀರ್ಷಿಕೆಯಲ್ಲಿಯೇ ಹೇಳುತ್ತಾರೆ. ಉಳಿದ ಮೂರು ಅದನ್ನು ಒಂದು ಮೌಲ್ಯವನ್ನಾಗಿ ಪರಿವರ್ತಿಸುತ್ತವೆ.

ಇವುಗಳಲ್ಲಿ ನಮ್ಮ ಚರ್ಚೆಗೆ ಅತ್ಯಂತ ಮುಖ್ಯವಾದುದು 'ಕಾಯಕ'. ಅದು ಹನ್ನೆರಡನೆಯ ಶತಮಾನದಿಂದ ಎತ್ತಿಕೊಂಡ ಪದ. ಶರಣರ ಕಾಯಕ ತತ್ತ್ವದಲ್ಲಿ ಕನಿಷ್ಠ ಮೂರು ನಿಬಂಧನೆಗಳಿವೆ. ಮೊದಲನೆಯದು, ದುಡಿದವನೇ ದುಡಿಮೆಯ ಫಲಕ್ಕೆ ಅಧಿಕಾರಿ. ಎರಡನೆಯದು, ಆ ಫಲಕ್ಕೆ ಒಂದು ಮಿತಿಯುಂಟು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗ ಈ ಮಿತಿಯನ್ನು ಸಾರುತ್ತದೆ. ಮೂರನೆಯದು, ಫಲ ದಾಸೋಹವಾಗಿ ಹಂಚಿಹೋಗಬೇಕು. ನಾಟಕ ಕಂಪನಿಯನ್ನು ಈ ಮೂರು ನಿಬಂಧನೆಗಳ ಬೆಳಕಿನಲ್ಲಿ ಪರೀಕ್ಷಿಸಿದರೆ ಕುತೂಹಲಕರವಾದ ಫಲಿತಾಂಶ ದೊರೆಯುತ್ತದೆ.

ಮೂರನೆಯ ನಿಬಂಧನೆ ಕಂಪನಿಯ ಅಡಿಗೆಮನೆಯಲ್ಲಿ ಅಕ್ಷರಶಃ ನೆರವೇರಿತ್ತು. ರಾಜನ ಪಾತ್ರದವನೂ ಪರದೆ ಎಳೆಯುವವನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಸ್ಮರಣೆಯನ್ನು ಹಳೆಯ ನಟರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಜಾತಿಪದ್ಧತಿ ಬಿಗಿಯಾಗಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಎರಡನೆಯ ನಿಬಂಧನೆಯಾದ ಮಿತಿ ಇರಲಿಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆ ವೈಭವವೇ ಜನರನ್ನು ಸೆಳೆಯಿತು, ಅದೇ ವೈಭವ ಇಡೀ ವೃತ್ತಿಯನ್ನು ಖರ್ಚಿನ ಪೈಪೋಟಿಗೂ ದೂಡಿತು. ಮೊದಲನೆಯ ನಿಬಂಧನೆ ಮಾತ್ರ ಪೂರ್ತಿಯಾಗಿ ತಲೆಕೆಳಗಾಗಿತ್ತು. ದುಡಿಮೆ ನಟನದು, ಫಲ ಮಾಲೀಕನದು. ನಟನ ಕೈಗೆ ಬರುವುದು ಪಗಾರ. ಕಾಯಕವೆಂಬ ಪದವನ್ನು ಮಾಲೀಕನಾದವನು ತನ್ನ ಬದುಕಿಗೆ ಅನ್ವಯಿಸಿದಾಗ ಅದು ಅರ್ಥಪೂರ್ಣ. ಅದೇ ಪದವನ್ನು ಇಡೀ ಕಂಪನಿಗೆ ಹೊದಿಸಿದಾಗ ಪಗಾರದ ಲೆಕ್ಕ ಅದರಡಿ ಮುಚ್ಚಿಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ವೀರಣ್ಣನವರು ಬಾಲನಟರಾಗಿ ಕಂಪನಿಯನ್ನು ಸೇರಿ, ಮುಂದೆ ಅದರ ಒಡೆಯರಾದ ಮೇಲೂ ಬಣ್ಣ ಹಚ್ಚುವುದನ್ನು ಬಿಡಲಿಲ್ಲ; 'ಸದಾರಮೆ'ಯ ಕಳ್ಳನ ಪಾತ್ರದಿಂದ ಜನಮನದಲ್ಲಿ ನೆಲೆಸಿದರು; ಕಾರಂತರನ್ನು ಓದಲು ಕಾಶಿಗೆ ಕಳುಹಿಸಿದವರೂ ಅವರೇ. ಅಂಥವರನ್ನು ಬರಿಯ ಬಂಡವಳಿಗರೆಂದು ಹೇಗೆ ಕರೆಯುವುದು? ಕರೆಯಬಾರದು ಎಂದೇ ನಮ್ಮ ಅಭಿಪ್ರಾಯ. ಮಾಲೀಕನೂ ಸಾಲಗಾರನಾಗಿದ್ದ. ಬಾಲಗಂಧರ್ವರಂಥ ಅಪ್ರತಿಮ ಜನಪ್ರಿಯ ನಟ–ಮಾಲೀಕರೂ ಕಂಪನಿಯ ಸಾಲದ ಹೊರೆಯನ್ನು ವರ್ಷಗಟ್ಟಲೆ ಹೊತ್ತರು. ಒಂದು ವಾರದ ಮಳೆ ಮಾಲೀಕ, ನಟ ಇಬ್ಬರನ್ನೂ ಒಟ್ಟಿಗೆ ಮುಳುಗಿಸಬಲ್ಲದಾಗಿತ್ತು. ಆದ್ದರಿಂದ ಕಾಯಕವೆಂಬುದು ಶೋಷಣೆಯನ್ನು ಮರೆಮಾಚುವ ಮಾತು ಎಂಬ ಸುಲಭವಾದ ತೀರ್ಮಾನ ನಮಗೆ ಒಪ್ಪಿಗೆಯಾಗದು. ಅದು ನಟನಿಗೆ ಘನತೆಯನ್ನು ಕೊಟ್ಟ ಮಾತು. ನಾಟಕದವರಿಗೆ ಹೆಣ್ಣು ಕೊಡಲು, ಮನೆ ಬಾಡಿಗೆಗೆ ಕೊಡಲು ಸಮಾಜ ಹಿಂಜರಿಯುತ್ತಿದ್ದಾಗ, ತನ್ನ ದುಡಿಮೆ ಶರಣರ ಕಾಯಕಕ್ಕೆ ಸಮನೆಂದು ಹೇಳಿಕೊಳ್ಳುವುದು ಒಂದು ಬಗೆಯ ಪ್ರತಿಭಟನೆಯೇ ಸರಿ. ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದ ರಂಗದ ಮೇಲೆ ಬಸವೇಶ್ವರರ ಪಾತ್ರವನ್ನು ಧರಿಸಿದಾಗ ಈ ಸಮೀಕರಣ ಪ್ರೇಕ್ಷಕರ ಕಣ್ಣೆದುರಿಗೇ ಮೂಡಿತು.

ನಮ್ಮ ವಾದ ಇಷ್ಟು: ಕಾಯಕದ ಭಾಷೆಯನ್ನು ಗೌರವಿಸುತ್ತಲೇ ಪಗಾರದ ಭಾಷೆಯನ್ನು ಅದರ ಪಕ್ಕದಲ್ಲಿಟ್ಟು ಓದಬೇಕು. ಶರಣರ ನಿಬಂಧನೆಗಳನ್ನು ಅಳತೆಗೋಲಾಗಿ ಬಳಸಿದರೆ ಕಾಯಕವೆಂಬ ಪದವೇ ಪಗಾರದ ಪ್ರಶ್ನೆಯನ್ನು ಎತ್ತುತ್ತದೆ. ಲಕ್ಕಮ್ಮನಿಗೆ ಅಕ್ಕಿಯ ಅಳತೆ ಗೊತ್ತಿತ್ತು; ನಮ್ಮ ವಿಮರ್ಶೆಗೂ ಅದು ಗೊತ್ತಿರಬೇಕು.

6

ಆತ್ಮಕಥನಗಳ ಇನ್ನೊಂದು ಮಿತಿಯನ್ನೂ ಹೇಳಬೇಕು. ಅವು ದೊರೆತಿರುವುದು ಹೆಚ್ಚಾಗಿ ಮಾಲೀಕರಿಗೆ, ನಾಯಕನಟರಿಗೆ, ಮುಂದೆ ಬೇರೆ ಕ್ಷೇತ್ರದಲ್ಲಿ ಕೀರ್ತಿವಂತರಾದವರಿಗೆ. ಹಲವು ಕೃತಿಗಳು ನಿರೂಪಕರ ಲೇಖನಿಯಿಂದ ಮೂಡಿದವು. ನಟನ ಆಡುಮಾತು ಬರಹದ ಕನ್ನಡಕ್ಕೆ ಹೊರಳುವಾಗ ಬೈಗುಳ, ಲೆಕ್ಕ, ಹಸಿವು ಇವುಗಳಲ್ಲಿ ಒಂದಿಷ್ಟು ಸೋರಿಹೋಗುವುದು ಅನಿವಾರ್ಯ. ಸ್ತ್ರೀಯರ ವಿಷಯದಲ್ಲಿ ಈ ಕೊರತೆ ಇನ್ನೂ ಹೆಚ್ಚು. ಆರ್. ನಾಗರತ್ನಮ್ಮನವರು (1926–2012) 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣ, ದುರ್ಯೋಧನರ ಪಾತ್ರಗಳನ್ನು ತಾವೇ ಧರಿಸಿದರು. ಬಾಲಗಂಧರ್ವರು ಸೀರೆಯುಟ್ಟ ಶೈಲಿಯನ್ನು ಕುರಿತು ಮರಾಠಿಯಲ್ಲಿ ಪುಟಗಟ್ಟಲೆ ಬರೆಯಲಾಗಿದೆ. ನಾಗರತ್ನಮ್ಮನವರು ಗದೆ ಹಿಡಿದ ಶೈಲಿಯನ್ನು ಕುರಿತು ಕನ್ನಡದಲ್ಲಿ ಅಂಥ ಗಂಭೀರ ವಿವೇಚನೆ ಬೆಳೆಯಬೇಕಾಗಿದೆ. ಅವರೊಡನೆ ಊರೂರು ತಿರುಗಿದ ಉಳಿದ ಸ್ತ್ರೀಯರ ಮಾತನ್ನಂತೂ ನಾವು ಕೇಳಿಯೇ ಇಲ್ಲ.

ಠಾಕುರ್ಲಿ, ಡೊಂಬಿವಲಿ, ಠಾಣೆಗಳ ಪರಿಸರ ಈ ಕೆಲಸಕ್ಕೆ ಅನುಕೂಲವಾದದ್ದು. ಗಿರಣಿ, ರೈಲ್ವೆ, ಹೋಟೆಲುಗಳ ಕೆಲಸಕ್ಕೆಂದು ಬಂದ ಕನ್ನಡಿಗರ ಎರಡು ಮೂರು ತಲೆಮಾರುಗಳು ಇಲ್ಲಿ ನೆಲೆಸಿವೆ. ಅಲೆಯುವ ಸಂಗೀತ ನಾಟಕದ ಒಂದು ರೂಪ ಇಲ್ಲಿ ಇನ್ನೂ ಜೀವಂತವಾಗಿದೆ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಆರಂಭವಾಗಿ ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮುಗಿಯುತ್ತದೆ. ಆಮೇಲಿನ ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿ ಹಾಗೂ ಅದರ ಉಪನಗರಗಳಿಗೆ ಬಂದು ಸಭಾಗೃಹಗಳಲ್ಲಿ ಆಟ ಆಡುವುದು ರೂಢಿ. ಇವೆರಡು ಅಲೆದಾಟಗಳ ತುಲನೆ ಬೋಧಪ್ರದವಾದುದು. ಹರಕೆಯ ಆಟಗಳನ್ನು ಆಡುವ ಮೇಳದ ಹಿಂದೆ ದೇವಸ್ಥಾನವಿದೆ, ಆಟ ಆಡಿಸುವ ಸೇವಾಕರ್ತನಿದ್ದಾನೆ. ಇಡೀ ತಿರುಗಾಟಕ್ಕೆ ಕಲಾವಿದನ ಸಂಬಳ ಮೊದಲೇ ನಿಶ್ಚಿತವಾಗಿರುತ್ತದೆ. ಕಂಪನಿಯ ನಟನ ಹಿಂದೆ ಇದ್ದುದು ಅಂದಂದಿನ ಟಿಕೀಟು ಮಾತ್ರ. ಮಳೆಗಾಲ ಯಕ್ಷಗಾನ ಕಲಾವಿದನನ್ನು ಮುಂಬಯಿಗೆ ಕರೆತಂದು ಮತ್ತೆ ಊರಿಗೆ ಕಳುಹಿಸುತ್ತದೆ. ಕಂಪನಿ ಮುಳುಗಿದ ನಟ ಮುಂಬಯಿಗೆ ಬಂದರೆ ಬಣ್ಣ ಒರೆಸಿಕೊಂಡು ಗಿರಣಿ ಸೇರಿದ. ನಾಟಕವನ್ನು ಒಂದು ವೃತ್ತಿಯಾಗಿ ಯಾವುದು ಉಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಲೆಯ ಉತ್ತಮಿಕೆಯಲ್ಲಿ ಎಷ್ಟಿದೆಯೋ ಅಷ್ಟೇ ಈ ಆರ್ಥಿಕ ವ್ಯವಸ್ಥೆಯಲ್ಲಿಯೂ ಇದೆ. 1985ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಮ್ ಸಂಚಾರಿ ನಾಟಕ ತಂಡ 'ತಿರುಗಾಟ' ಎಂಬ ಹೆಸರನ್ನೇ ಆರಿಸಿಕೊಂಡಿತು. ಆ ಹೆಸರಿನಲ್ಲಿ ಈ ಪರಂಪರೆಯ ಅರಿವಿದೆ.

ಹೊರನಾಡಿನ ಸಂಶೋಧಕರು ಕೈಗೊಳ್ಳಬಹುದಾದ ಕೆಲಸ ಇದರಿಂದ ಸ್ಪಷ್ಟವಾಗುತ್ತದೆ. ಕಲ್ಯಾಣ, ಪುಣೆ, ಮಿರಜ, ಸೊಲ್ಲಾಪುರಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಹ್ಯಾಂಡ್‌ಬಿಲ್ಲು, ಹಾಡಿನ ಪುಸ್ತಕ, ಪಗಾರದ ಚೀಟಿ, ಮುಂಗಡದ ಕಾಗದಗಳು ಇರುವ ಸಂಭವವಿದೆ. ಇವುಗಳ ಜೊತೆಗೆ ಇನ್ನೊಂದು ಬಗೆಯ ದಾಖಲೆಯನ್ನೂ ನಾವು ಮಾನ್ಯಮಾಡಬೇಕಾಗುತ್ತದೆ. ಅದು ಯಾವುದೆಂಬುದನ್ನು ಠಾಕುರ್ಲಿಯ ಹಿರಿಯರೇ ನಮಗೆ ತೋರಿಸಿಕೊಟ್ಟರು.

ಪತ್ರ ಬರೆಯಲು ಏನೂ ತೋಚದೆ ನಾವು ಒಂದು ಸಂಜೆ ಅವರನ್ನು, ನಿಮಗೆ ನೆನಪಿರುವ ಒಂದು ನಾಟಕವನ್ನು ಹೇಳಿ ಎಂದು ಕೇಳಿಕೊಂಡೆವು. ಅವರು ಹರಿಶ್ಚಂದ್ರನ ಕಥೆಯ ನಾಟಕವನ್ನು ಪ್ರವೇಶಕ್ರಮದಲ್ಲಿ ಆರಂಭದಿಂದ ಕೊನೆಯವರೆಗೆ ಒಪ್ಪಿಸಿದರು. ತಮ್ಮ ಮಾತನ್ನಷ್ಟೇ ಅಲ್ಲ, ಎದುರಿನವನ ಮಾತಿನ ಕೊನೆಯ ಪದವನ್ನು. ಯಾವ ಹಾಡಿಗೆ ಯಾವ ರಾಗದ ಮಟ್ಟು, ಎಲ್ಲಿ ಪರದೆ, ಎಲ್ಲಿ ಹಾರ್ಮೋನಿಯಂ ತಡೆದು ನಿಲ್ಲಬೇಕು, ಯಾವ ಹಾಡಿಗೆ ಒನ್ಸ್‌ಮೋರ್ ಬಂದರೆ ಎಷ್ಟನೆಯ ಸಾಲಿನಿಂದ ಎತ್ತಿಕೊಳ್ಳಬೇಕು ಎಂಬುದನ್ನೆಲ್ಲ ಹೇಳಿದರು. ಲೋಹಿತಾಶ್ವನ ಹಾಡನ್ನು ಹಾಡುವಾಗ, ಅರವತ್ತು ವರ್ಷಗಳ ಹಿಂದೆ ಒಡೆದುಹೋದ ಬಾಲಕಂಠದ ಶ್ರುತಿಯನ್ನೇ ಹಿಡಿಯಲು ಹೋಗಿ ಕೆಮ್ಮಿದರು. ನೀರು ಕುಡಿದು, ಶ್ರುತಿ ಇಳಿಸಿ ಮತ್ತೆ ಹಾಡಿದರು. ನಾಟಕ ಆಡದವನಿಗೆ ಈ ಜ್ಞಾನ ಇರಲು ಸಾಧ್ಯವಿಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿನೋಡಿ ಕವಿಯ ಕಾಲವನ್ನು ನಿರ್ಣಯಿಸುವ ನಾವು, ನೆನಪಿನಲ್ಲಿ ಉಳಿದ ಈ ಪಾಠವನ್ನು ಆಧಾರವಲ್ಲವೆನ್ನುವುದು ಶಾಸ್ತ್ರಸಮ್ಮತವೂ ಆಗದು.

ಆ ಸಂಜೆಯ ಗಾಯನವನ್ನೂ ಮಾತನ್ನೂ ಧ್ವನಿಮುದ್ರಿಸಿ, ಪ್ರವೇಶಗಳ ಪಟ್ಟಿಯನ್ನು ಸಿದ್ಧಪಡಿಸಿ, ನಾವು ಎರಡು ಪುಟದ ಪತ್ರ ಬರೆದೆವು. ಈ ವ್ಯಕ್ತಿ ವೃತ್ತಿನಟನೆಂಬುದಕ್ಕೆ ಅವರ ಸ್ಮರಣೆಯೇ ಸಾಕ್ಷಿ, ಆ ಸಾಕ್ಷ್ಯವನ್ನು ನಾವು ಪರೀಕ್ಷಿಸಿದ್ದೇವೆ ಎಂಬುದು ಅದರ ಸಾರಾಂಶ. ಅದನ್ನು ಓದಿ ಹೇಳಿದಾಗ ಹಿರಿಯರು ಒಂದು ತಿದ್ದುಪಡಿ ಸೂಚಿಸಿದರು. ನಾವು 'ಕಲಾಸೇವೆ ಸಲ್ಲಿಸಿದ್ದಾರೆ' ಎಂದು ಬರೆದಿದ್ದೆವು. "ಸೇವಾ ಅಲ್ರಿ ಸರ್, ದುಡದೀನಿ ಅಂತ ಬರೀರಿ" ಎಂದರು. ಹಾಗೆಯೇ ತಿದ್ದಿ ಸಹಿ ಮಾಡಿದೆವು. ಅರ್ಜಿಯ ಫಲಿತಾಂಶ ಈ ಲೇಖನ ಬರೆಯುವ ವೇಳೆಗೆ ಬಂದಿಲ್ಲ.